ಅಂಗೈಯ ಆಟದ ಮೌಲ್ಯಮಾಪನ: ‘ಫ್ಲಾಪಿ ಬರ್ಡ್’ ಒಂದು ವಿವೇಚನೆ

ಕನ್ನಡ ವಿಭಾಗದ ಸ್ಮರಣ ಸಂಪುಟದಲ್ಲಿ ಮೊಬೈಲ್ ಫೋನಿನ ಆಟವನ್ನು ಕುರಿತ ಲೇಖನಕ್ಕೆ ಎಡೆಯುಂಟೇ ಎಂಬ ಪ್ರಶ್ನೆ ಓದುಗರಲ್ಲಿ ಏಳುವುದು ಸಹಜ. ಈ ಪ್ರಶ್ನೆ ನನ್ನಲ್ಲಿಯೂ ಇತ್ತು. ಅದನ್ನು ಹೋಗಲಾಡಿಸಿದ್ದು ನಮ್ಮ ಜಾನಪದ ತರಗತಿಯ ಒಂದು ಪ್ರಸಂಗ. ಚೌಕಾಬಾರ, ಅಳಗುಳಿಮಣೆ, ಚಿಣ್ಣಿಕೋಲು, ಕುಂಟೆಬಿಲ್ಲೆ ಮೊದಲಾದ ಆಟಗಳ ವರ್ಗೀಕರಣವನ್ನು ಹಲಗೆಯ ಮೇಲೆ ಬರೆದು ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು, “ಸರ್, ಇವುಗಳಲ್ಲಿ ಒಳ್ಳೆಯ ಆಟ ಯಾವುದು?” ಎಂದು ಕೇಳಿದಳು. ಒಳಾಂಗಣ, ಹೊರಾಂಗಣ, ಗಂಡುಮಕ್ಕಳ ಆಟ, ಹೆಣ್ಣುಮಕ್ಕಳ ಆಟ ಎಂದು ವಿಂಗಡಿಸುವ ವಿದ್ಯೆ ನಮಗೆ ಕರಗತವಾಗಿದೆ. ಆದರೆ ಒಂದು ಆಟ ಇನ್ನೊಂದಕ್ಕಿಂತ ಏಕೆ ಮೇಲು, ಏತರಿಂದ ಮೇಲು ಎಂದು ಹೇಳಬಲ್ಲ ಪರಿಭಾಷೆ ನಮ್ಮಲ್ಲಿ ಬೆಳೆದಿಲ್ಲವೆಂಬುದು ಆ ಕ್ಷಣ ನನಗೆ ಮನವರಿಕೆಯಾಯಿತು. ಕಾವ್ಯವನ್ನು ಸಂಗ್ರಹಿಸುವುದು ಬೇರೆ, ವಿಮರ್ಶಿಸುವುದು ಬೇರೆ. ಆಟದ ವಿಷಯದಲ್ಲಿ ನಾವು ಸಂಗ್ರಹದ ಮಟ್ಟದಲ್ಲೇ ನಿಂತಿದ್ದೇವೆ. ಅಷ್ಟೇ ಅಲ್ಲ, ಆಡುವವರು ಇಲ್ಲವಾದ ಮೇಲೆಯೇ ಸಂಗ್ರಹಕ್ಕೆ ಹೊರಡುವುದು ನಮ್ಮ ರೂಢಿಯಾಗಿಬಿಟ್ಟಿದೆ. ಕಣ್ಣೆದುರಿಗೇ ಜನ ಆಡಿದ ಒಂದು ಆಟವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡುವ ಸಣ್ಣ ಪ್ರಯತ್ನವೇ ಪ್ರಸ್ತುತ ಲೇಖನ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು ಎನ್ನಬೇಕು. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಕೇಳುವುದು ಒಂದು ‘ಕ್ರೀಡನೀಯಕ’ವನ್ನು, ಎಂದರೆ ಕಣ್ಣಿಗೂ ಕಿವಿಗೂ ಒದಗುವ ಆಟಿಕೆಯೊಂದನ್ನು. ರಸಸಿದ್ಧಾಂತದ ಮಹಾಸೌಧ ಎದ್ದದ್ದು ಆ ಬೇಡಿಕೆಯ ತಳಹದಿಯ ಮೇಲೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೆ ಇಪ್ಪತ್ತು ಅಧ್ಯಾಯ, ಕ್ರೀಡೆಗಳಿಗೆ ಮತ್ತೆ ಇಪ್ಪತ್ತು ಅಧ್ಯಾಯ ಮೀಸಲಾಗಿವೆ. ರಾಜ್ಯಭಾರದ ಸಂಗತಿಗಳನ್ನು ಬರೆದ ಲೇಖನಿಯಿಂದಲೇ ಆಟಗಳನ್ನೂ ಬರೆಯುವುದು ಆ ಅರಸನಿಗೆ ಕಿರಿದೆನಿಸಲಿಲ್ಲ. ಪಾಶ್ಚಾತ್ಯರಲ್ಲಿ ಡಚ್ ಇತಿಹಾಸಕಾರ ಯೋಹಾನ್ ಹೈಜಿಂಗಾ 1938ರಲ್ಲಿ ‘ಹೋಮೊ ಲೂಡೆನ್ಸ್’ ಪ್ರಕಟಿಸಿ, ಆಟ ಸಂಸ್ಕೃತಿಯ ಒಂದು ಮೂಲವೆಂದು ವಾದಿಸಿದನು. ಅವನು ಆಟಕ್ಕೆ ಹೇಳಿದ ಲಕ್ಷಣಗಳಲ್ಲಿ ಒಂದು ನಮಗೆ ಮುಂದೆ ಬೇಕಾಗುತ್ತದೆ: ಆಟಕ್ಕೆ ಕಾಲದ ಎಲ್ಲೆಯೊಂದು, ದೇಶದ ಎಲ್ಲೆಯೊಂದು ಇರುತ್ತದೆ, ಅದು ಒಂದು ಕಡೆ ಆರಂಭವಾಗಿ ಒಂದು ಕಡೆ ಮುಗಿಯುತ್ತದೆ.

ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವುದು ‘ಫ್ಲಾಪಿ ಬರ್ಡ್’ ಎಂಬ ಆಟ. ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನುಯೆನ್ ಎಂಬ ಯುವಕರು ಒಬ್ಬರೇ ರಚಿಸಿ 2013ರ ಮೇ ತಿಂಗಳಲ್ಲಿ ಆ್ಯಪಲ್ ಫೋನುಗಳಿಗಾಗಿ ಹೊರತಂದದ್ದು ಇದು. ಏಳೆಂಟು ತಿಂಗಳು ಯಾರೂ ಇದನ್ನು ಮೂಸಿ ನೋಡಲಿಲ್ಲ. 2014ರ ಜನವರಿಯಲ್ಲಿ, ಕಾರಣ ಸ್ಪಷ್ಟವಾಗದ ರೀತಿಯಲ್ಲಿ, ಇದು ಹಲವು ದೇಶಗಳಲ್ಲಿ ಉಚಿತ ಆಟಗಳ ಪಟ್ಟಿಯ ತುದಿಗೇರಿತು. ಆ ತಿಂಗಳ ಕೊನೆಗೆ ಆಂಡ್ರಾಯ್ಡ್ ಫೋನುಗಳಿಗೂ ಬಂತು. ಫೆಬ್ರವರಿ 10ರಂದು ರಚನಕಾರರೇ ಇದನ್ನು ಹಿಂತೆಗೆದುಕೊಂಡರು. ಇಷ್ಟು ಅಲ್ಪಾಯುಷಿಯಾದ ಕೃತಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದರ ಅಂಗಗಳು ಅತ್ಯಲ್ಪ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಹೊಸಬರು ಛಂದಸ್ಸು ಕಲಿಯುವಾಗ ಮೊದಲು ತ್ರಿಪದಿಗೆ ಪ್ರಸ್ತಾರ ಹಾಕಿಸುತ್ತೇವೆಯೇ ಹೊರತು ಚಂಪೂಕಾವ್ಯಕ್ಕೆ ಕೈಹಾಕಿಸುವುದಿಲ್ಲವಷ್ಟೆ.

ಮೊದಲು ಒಂದು ಶಬ್ದದ ವಿಚಾರ. ಇಂಥ ಆಟಗಳನ್ನು ‘ಆರ್ಕೇಡ್ ಮಾದರಿ’ಯವು ಎನ್ನುತ್ತಾರೆ. ಆರ್ಕೇಡ್ ಎಂದರೆ ನಾಣ್ಯ ಹಾಕಿ ಆಡುವ ಯಂತ್ರಗಳು ಸಾಲಾಗಿ ನಿಂತಿರುತ್ತಿದ್ದ ಅಂಗಡಿ. ನಮ್ಮ ನಗರಗಳಲ್ಲಿ ಇದು ‘ವಿಡಿಯೊ ಗೇಮ್ ಪಾರ್ಲರ್’ ಎಂಬ ಹೆಸರಿನಿಂದ ಪರಿಚಿತವಾಗಿತ್ತು. 1972ರ ‘ಪಾಂಗ್’, ಜಪಾನಿನ ನಿಶಿಕಾಡೊ ರಚಿಸಿದ 1978ರ ‘ಸ್ಪೇಸ್ ಇನ್‌ವೇಡರ್ಸ್’, ಇವಾತಾನಿ ರಚಿಸಿದ 1980ರ ‘ಪ್ಯಾಕ್‌ಮ್ಯಾನ್’ ಈ ಸಂಪ್ರದಾಯದ ಮಾರ್ಗಕೃತಿಗಳು. ಇವುಗಳ ರಚನೆಯನ್ನು ನಿರ್ಧರಿಸಿದ ವಸ್ತು ನಾಣ್ಯ. ಆಟ ಕೂಡಲೇ ಅರ್ಥವಾಗಬೇಕು, ಇಲ್ಲವಾದರೆ ಯಾರೂ ನಾಣ್ಯ ಹಾಕರು. ಬೇಗ ಕಠಿಣವಾಗಬೇಕು, ಇಲ್ಲವಾದರೆ ಒಂದೇ ನಾಣ್ಯದಲ್ಲಿ ಒಬ್ಬನೇ ಇಡೀ ಸಂಜೆ ಯಂತ್ರವನ್ನು ಹಿಡಿದು ನಿಲ್ಲುವನು. ‘ಸ್ಪೇಸ್ ಇನ್‌ವೇಡರ್ಸ್’ನಲ್ಲಿ ವೈರಿಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಆಟಗಾರನ ಸೋಲು ಅಲ್ಲಿ ಅಂಗಡಿಯವನ ಲಾಭ. ಆದರೆ ಆ ವ್ಯವಸ್ಥೆಯಲ್ಲಿ ಒಂದು ಕಡಿವಾಣವೂ ಇತ್ತು. ಜೇಬಿನಲ್ಲಿದ್ದ ನಾಣ್ಯ ಮುಗಿದರೆ ಆಟ ಮುಗಿಯುತ್ತಿತ್ತು, ಹುಡುಗ ಮನೆಗೆ ಹೋಗುತ್ತಿದ್ದ. ಈ ಕಡಿವಾಣದ ಮಾತಿಗೆ ಮತ್ತೆ ಬರೋಣ.

ಆಟ ಅಂಗಡಿಯಿಂದ ಅಂಗೈಗೆ ಬಂದ ದಾರಿಯನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. 1997ರಲ್ಲಿ ನೋಕಿಯಾ 6110 ಫೋನಿನೊಂದಿಗೆ ತನೇಲಿ ಅರ್ಮಾಂಟೊ ರಚಿಸಿದ ‘ಸ್ನೇಕ್’ ಬಂತು. ಬಾಲ ಬೆಳೆಸಿಕೊಂಡು ತನ್ನ ಬಾಲವನ್ನೇ ಕಚ್ಚಿ ಸಾಯುವ ಆ ಹಾವನ್ನು ನಮ್ಮ ತಲೆಮಾರಿನವರು ಬಸ್ ನಿಲ್ದಾಣಗಳಲ್ಲಿ ಆಡಿದ್ದೇವೆ. 2008ರ ಜುಲೈನಲ್ಲಿ ಆ್ಯಪಲ್ ಸಂಸ್ಥೆಯ ಆ್ಯಪ್ ಸ್ಟೋರ್ ತೆರೆಯಿತು. ಮರುವರ್ಷದಿಂದ ಉಚಿತ ಆಟದ ಒಳಗೇ ಸರಕು ಮಾರುವ ಏರ್ಪಾಡು ಆರಂಭವಾಯಿತು. ಈ ಕೊನೆಯ ಬದಲಾವಣೆ ಆಟದ ಒಡಲನ್ನೇ ಬದಲಿಸಿತೆನ್ನುವುದು ನನ್ನ ಅಭಿಪ್ರಾಯ.

ಇನ್ನು ಕೃತಿಯ ವರ್ಣನೆ. ಪರದೆಯ ಮೇಲೆ ದಪ್ಪ ತುಟಿಯ, ಪುಟ್ಟ ರೆಕ್ಕೆಯ ಗುಂಡಗಿನ ಹಕ್ಕಿಯೊಂದಿದೆ. ಅದು ತಾನಾಗಿ ಬಲಕ್ಕೆ ಸಾಗುತ್ತದೆ, ತಾನಾಗಿ ಕೆಳಕ್ಕೆ ಬೀಳುತ್ತದೆ. ಬೆರಳಿನಿಂದ ಒಮ್ಮೆ ತಟ್ಟಿದರೆ ಒಮ್ಮೆ ರೆಕ್ಕೆ ಬಡಿದು ಗೊತ್ತಾದ ಒಂದು ಪ್ರಮಾಣದಷ್ಟು ಮೇಲಕ್ಕೆ ಚಿಮ್ಮುತ್ತದೆ. ಎದುರಿಗೆ ಸಮಾನ ಅಂತರದಲ್ಲಿ ಹಸಿರು ಕೊಳವೆಗಳ ಜೋಡಿಗಳು ಬರುತ್ತವೆ. ಒಂದು ನೆಲದಿಂದ ಮೇಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ನಡುವಿನ ಸಂದಿನಲ್ಲಿ ಹಕ್ಕಿಯನ್ನು ದಾಟಿಸಬೇಕು. ಒಂದು ಜೋಡಿ ದಾಟಿದರೆ ಒಂದು ಅಂಕ. ಕೊಳವೆಗೆ ತಗುಲಿದರೂ ನೆಲಕ್ಕೆ ಬಿದ್ದರೂ ಆಟ ಮುಗಿಯಿತು. ಹತ್ತು ಅಂಕಕ್ಕೆ ಕಂಚಿನ ಪದಕ, ಇಪ್ಪತ್ತಕ್ಕೆ ಬೆಳ್ಳಿ, ಮೂವತ್ತಕ್ಕೆ ಚಿನ್ನ, ನಲವತ್ತಕ್ಕೆ ಪ್ಲಾಟಿನಂ. ಕಥೆಯಿಲ್ಲ, ಹಂತಗಳಿಲ್ಲ, ಹಿನ್ನೆಲೆ ಸಂಗೀತವಿಲ್ಲ. ರೆಕ್ಕೆಯ ಸದ್ದು, ಅಂಕ ಬಂದಾಗಿನ ಗಂಟೆಯಂಥ ಸದ್ದು, ಬಡಿದ ಸದ್ದು, ಇಷ್ಟೇ. ಇದನ್ನು ಆಡಲು ಒಂದು ಬೆರಳು ಸಾಕು.

ಒಂದು ಬೆರಳು ಸಾಕೆಂಬುದು ಆಕಸ್ಮಿಕವಲ್ಲ. ಆಟವನ್ನು ಕಲ್ಪಿಸುವಾಗ ತಮ್ಮ ಕಣ್ಣಮುಂದೆ ಇದ್ದದ್ದು ರೈಲಿನಲ್ಲಿ ನಿಂತ ಪ್ರಯಾಣಿಕ, ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಕೈಯಲ್ಲಿ ಫೋನು ಎಂದು ನುಯೆನ್ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಕಲ್ಯಾಣದಿಂದಲೋ ವಿರಾರಿನಿಂದಲೋ ದಿನವೂ ಲೋಕಲ್ ಹಿಡಿದು ಬರುವ ಮುಂಬಯಿ ಕನ್ನಡಿಗರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ. ಹನೋಯಿಯಲ್ಲಿ ಕುಳಿತು ಕಲ್ಪಿಸಿದ ಆಟಗಾರ ನಮ್ಮ ಡಬ್ಬಿಯಲ್ಲೇ ನಿಂತಿದ್ದ. 2014ರ ಆ ಕೆಲವು ವಾರಗಳಲ್ಲಿ ನಾನೂ ವಿದ್ಯಾರ್ಥಿಯೊಬ್ಬನ ಫೋನಿನಲ್ಲಿ ಇದನ್ನು ಆಡಿದೆ. ನನ್ನ ಅತ್ಯುನ್ನತ ಅಂಕ ಹದಿನೇಳು. ಮೊದಲ ದಿನ ಮೂರನ್ನು ದಾಟಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಈಗ ಮೌಲ್ಯಮಾಪನ. ಇಂಥ ಕೃತಿಗೆ ರಸದ ಮಾನದಂಡವನ್ನು ಹಚ್ಚುವ ಆಸೆ ನಮ್ಮಂಥವರಿಗೆ ಬರುವುದುಂಟು. ಹಕ್ಕಿ ಬಿದ್ದಾಗ ಹಾಸ್ಯವೇ, ಕರುಣವೇ ಎಂದು ಕೇಳಬಹುದು. ಅದು ಬಲವಂತದ ಮಾಘಸ್ನಾನವಾದೀತು. ನನ್ನ ಅನುಭವದಲ್ಲಿ ಹೆಚ್ಚು ಫಲಕಾರಿಯಾದದ್ದು ಕ್ಷೇಮೇಂದ್ರನ ಔಚಿತ್ಯ ವಿಚಾರ. ಒಂದೊಂದು ಅಂಗವೂ ತನ್ನ ಸ್ಥಾನಕ್ಕೆ ತಕ್ಕುದಾಗಿದೆಯೇ, ತೆಗೆದರೆ ಕೃತಿ ಕುಂದುವುದೇ ಎಂದು ಅವನು ಕೇಳುವ ಬಗೆಯಲ್ಲೇ ಇಲ್ಲಿಯೂ ಕೇಳಬಹುದು. ಸಂಗೀತವನ್ನು ಸೇರಿಸಿ ನೋಡಿ: ಕೊಳವೆಗಳು ಸಮಾನ ಅಂತರದಲ್ಲಿ ಬರುವುದರಿಂದ ಅಂಕದ ಗಂಟೆಯೇ ಇಲ್ಲಿ ತಾಳದ ಘಾತ, ಬೇರೊಂದು ರಾಗ ಕೇಳಿಬಂದರೆ ಆ ಲಯ ಕೆಡುತ್ತದೆ. ಬೆರಳಿನ ತಟ್ಟುಗಳು ಆ ತಾಳದೊಳಗಿನ ನಡೆಯಂತೆ, ಒಮ್ಮೆ ಒತ್ತೊತ್ತಾಗಿ ಒಮ್ಮೆ ಬಿಡಿಬಿಡಿಯಾಗಿ ಬೀಳುತ್ತವೆ. ಇದಕ್ಕೆ ಮೊದಲೇ ಕಂಪ್ಯೂಟರುಗಳಲ್ಲಿ ಗುಹೆಯೊಳಗೆ ಹೆಲಿಕಾಪ್ಟರನ್ನು ಹಾರಿಸುವ ಆಟವೊಂದು ಜನಪ್ರಿಯವಾಗಿತ್ತು. ಅಲ್ಲಿ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಯಂತ್ರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ; ಚಲನೆ ಒಂದು ಅಖಂಡ ರೇಖೆ. ಇಲ್ಲಿ ಒತ್ತಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಪ್ರತಿ ತಟ್ಟೂ ಬಿಡಿ ನಿರ್ಧಾರ, ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ. ನೂಲುವುದಕ್ಕೂ ಕುಟ್ಟುವುದಕ್ಕೂ ಇರುವ ಅಂತರವಿದು. ಆಟದ ಬಿಗಿಯೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಇದರ ಕಾಠಿಣ್ಯ ಅನುಚಿತವೆಂದು ಅನೇಕರು ಆಕ್ಷೇಪಿಸಿದರು. ಆಟ ಅತಿ ಕಠಿಣ, ಆದ್ದರಿಂದ ಕೆಟ್ಟ ಆಟ ಎಂಬುದು ಅಂದಿನ ಪತ್ರಿಕಾ ವಿಮರ್ಶೆಗಳ ಸಾಮಾನ್ಯ ಧಾಟಿ. ಈ ತೀರ್ಮಾನವನ್ನು ಒಪ್ಪಲು ನನ್ನಿಂದಾಗದು. ಕಾಠಿಣ್ಯ ಎಷ್ಟಿದೆ ಎಂಬುದಕ್ಕಿಂತ ಅದು ಎಂಥದು ಎಂದು ಮೊದಲು ಕೇಳಬೇಕು. ಇಲ್ಲಿ ಹಕ್ಕಿಯ ವೇಗ ಹೆಚ್ಚುವುದಿಲ್ಲ, ಸಂದು ಕಿರಿದಾಗುವುದಿಲ್ಲ, ಕೊಳವೆಗಳ ನಡುವಣ ಅಂತರ ಬದಲಾಗುವುದಿಲ್ಲ. ಬದಲಾಗುವುದು ಸಂದಿನ ಎತ್ತರ ಮಾತ್ರ. ಅದೂ ದಾಟಲು ಸಾಧ್ಯವಾದ ಎಲ್ಲೆಯೊಳಗೇ. ಮೊದಲ ಕೊಳವೆ ಎಷ್ಟು ಕಠಿಣವೋ ನೂರನೆಯದೂ ಅಷ್ಟೇ ಕಠಿಣ. ಆರ್ಕೇಡ್ ಯಂತ್ರ ಆಟಗಾರನನ್ನು ಮೊದಲು ಓಲೈಸಿ ಆಮೇಲೆ ಹೊರದಬ್ಬುತ್ತಿತ್ತು. ಇದು ಓಲೈಸುವುದೂ ಇಲ್ಲ, ಮೋಸದಿಂದ ದಬ್ಬುವುದೂ ಇಲ್ಲ. ಬಿದ್ದಾಗ ಆಟಗಾರ ಬೇರೆ ಯಾರನ್ನೂ ದೂರುವಂತಿಲ್ಲ. ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ ತಮ್ಮ 2013ರ ‘ದಿ ಆರ್ಟ್ ಆಫ್ ಫೇಲ್ಯೂರ್’ ಗ್ರಂಥದಲ್ಲಿ, ಸೋಲನ್ನು ಯಾರೂ ಬಯಸದಿದ್ದರೂ ಸೋಲಿಸುವ ಆಟಗಳನ್ನೇ ಜನ ಅರಸಿ ಹೋಗುತ್ತಾರೆಂಬ ವಿರೋಧಾಭಾಸವನ್ನು ಚರ್ಚಿಸಿದ್ದಾರೆ. ಆ ಗ್ರಂಥಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಪುಸ್ತಕ, ಆಟ ಎರಡೂ ಒಂದೇ ವರ್ಷದವು.

ಮಹಾಭಾರತವನ್ನು ಪಂಪನಿಂದಲೋ ಕುಮಾರವ್ಯಾಸನಿಂದಲೋ ಓದಿ ಬೆಳೆದ ನಮಗೆ ಆಟದ ನ್ಯಾಯವೆಂದರೆ ಮೊದಲು ನೆನಪಾಗುವುದು ಶಕುನಿಯ ದಾಳ. ದ್ಯೂತಪ್ರಸಂಗವನ್ನು ಆಟದ ವಿಮರ್ಶೆಯಾಗಿ ಓದಿದರೆ ಅಲ್ಲಿ ಎರಡು ಬೇರೆ ಬೇರೆ ದೋಷಗಳಿರುವುದು ತೋರುತ್ತದೆ. ಆಟ ಕಪಟದ್ದು ಎಂಬುದು ಒಂದು. ಧರ್ಮರಾಯ ಏಳಲಾರದೆ ಹೋದ ಎಂಬುದು ಇನ್ನೊಂದು. ದಾಳ ನಿರ್ದೋಷವಾಗಿದ್ದರೂ ಎರಡನೆಯ ದೋಷ ಉಳಿಯುತ್ತಿತ್ತು. ಒಮ್ಮೆ ಬಿಡುಗಡೆಯಾಗಿ ಹೊರಟವನನ್ನು ಮತ್ತೆ ಕರೆದಾಗ ಅವನು ಮತ್ತೆ ಬಂದು ಕುಳಿತನಲ್ಲ! ಆದ್ದರಿಂದ ಯಾವುದೇ ಆಟವನ್ನು ಕುರಿತು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ದಾಳ ನಿಜವೇ? ಎದ್ದು ಹೋಗಲು ಬಾಗಿಲುಂಟೇ? ಮೊದಲ ಪ್ರಶ್ನೆಯಲ್ಲಿ ‘ಫ್ಲಾಪಿ ಬರ್ಡ್’ ನಿಸ್ಸಂಶಯವಾಗಿ ತೇರ್ಗಡೆಯಾಗುತ್ತದೆ. ಎರಡನೆಯದನ್ನು ನೋಡುವ ಮುನ್ನ ಅನುಕರಣದ ಆರೋಪವನ್ನು ಪರಿಶೀಲಿಸಬೇಕು.

ಹಸಿರು ಕೊಳವೆಗಳು ನಿಂಟೆಂಡೊ ಸಂಸ್ಥೆಯ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಕೊಳವೆಗಳನ್ನು ಹೋಲುತ್ತವೆಂಬುದು ನೋಡಿದ ಕೂಡಲೇ ತಿಳಿಯುತ್ತದೆ. ನುಯೆನ್ ಬಾಲ್ಯದಲ್ಲಿ ಆಡಿದ ಆಟವದು. ಅಮೆರಿಕದ ಆಟ-ಪತ್ರಿಕೆಯೊಂದು ಇದನ್ನು ಕದ್ದ ಚಿತ್ರವೆಂದು ಕಟುವಾಗಿ ಬರೆದು, ಅನಂತರ ತನ್ನ ಮಾತಿಗೆ ವಿಷಾದ ಸೂಚಿಸಿತು. ಕೃತಿಚೌರ್ಯದ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹರಿತವಾದ ಉಪಕರಣವಿದೆ. ಆನಂದವರ್ಧನನು ಕಾವ್ಯಗಳ ನಡುವಣ ಹೋಲಿಕೆಯನ್ನು ಪ್ರತಿಬಿಂಬದಂಥದು, ಆಲೇಖ್ಯದಂಥದು, ತುಲ್ಯದೇಹಿಯಂಥದು ಎಂದು ಮೂರಾಗಿ ವಿಂಗಡಿಸಿ, ಮೊದಲ ಎರಡನ್ನು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎನ್ನುತ್ತಾನೆ. ಕನ್ನಡಿಯ ಬಿಂಬಕ್ಕೆ ಸ್ವಂತ ಒಡಲಿಲ್ಲ, ಚಿತ್ರಪಟಕ್ಕೆ ಸ್ವಂತ ಜೀವವಿಲ್ಲ; ಆದರೆ ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಹೋಲಿದರೂ ಇಬ್ಬರಿಗೂ ಅವರವರ ಪ್ರಾಣವಿದೆ. ಮಾರಿಯೊ ಕೊಳವೆಯ ಮೇಲೆ ಹತ್ತಿ ನಿಲ್ಲುತ್ತಾನೆ, ಒಳಹೊಕ್ಕು ಗುಪ್ತ ಕೋಣೆಗೆ ಇಳಿಯುತ್ತಾನೆ. ಅಲ್ಲಿ ಕೊಳವೆ ಒಂದು ಆಶ್ವಾಸನೆ. ಇಲ್ಲಿ ಅದು ಮುಟ್ಟಿದರೆ ಮೃತ್ಯು. ಬಣ್ಣ ಒಂದೇ ಆದರೂ ಪ್ರಾಣ ಬೇರೆ. ಇದನ್ನು ತುಲ್ಯದೇಹಿಯೆಂದು ಬಿಟ್ಟುಕೊಡಬಹುದೆಂಬುದು ನನ್ನ ತೀರ್ಮಾನ. ಇದು ಹಿಂತೆಗೆದುಹೋದ ಮೇಲೆ ಮೀನು, ವಿಮಾನ ಏನೇನನ್ನೋ ಹಾರಿಸುತ್ತ ಲೆಕ್ಕವಿಲ್ಲದಷ್ಟು ನಕಲುಗಳು ಹುಟ್ಟಿ, ‘ಫ್ಲಾಪಿ’ ಎಂಬ ಶಬ್ದವಿರುವ ಹೆಸರುಗಳನ್ನೇ ಮಳಿಗೆಯವರು ತಿರಸ್ಕರಿಸತೊಡಗಿದ ವರದಿಗಳು ಬಂದವು. ಪ್ರತಿಬಿಂಬಕಲ್ಪಕ್ಕೆ ಉದಾಹರಣೆ ಬೇಕಾದವರು ಅವನ್ನು ನೋಡಬಹುದು.

ಈಗ ಬಾಗಿಲಿನ ಪ್ರಶ್ನೆ. ಆರ್ಕೇಡಿನಲ್ಲಿ ನಾಣ್ಯವೇ ಬಾಗಿಲಾಗಿತ್ತೆಂದು ಹೇಳಿದೆ. ಚೌಕಾಬಾರದಲ್ಲಿ ಕಾಯಿಗಳು ಹಣ್ಣಾದರೆ ಆಟ ಮುಗಿಯಿತು. ಅದಕ್ಕೂ ಮುನ್ನ ಎದುರಿಗೆ ಕುಳಿತ ಅತ್ತಿಗೆ “ಒಲೆ ಮೇಲೆ ಅನ್ನ ಇಟ್ಟಿದ್ದೀನಿ” ಎಂದು ಎದ್ದರೆ ಅಲ್ಲಿಗೂ ಮುಗಿಯಿತು. ಬಯಲಾಟ ಇಡೀ ರಾತ್ರಿ ನಡೆದರೂ ಬೆಳಗಾಗುತ್ತದೆ, ಮಂಗಳ ಹಾಡುತ್ತಾರೆ. ಹೈಜಿಂಗಾ ಹೇಳಿದ ಕಾಲದ ಎಲ್ಲೆ ಇಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಇದೆ. ಅಂಗೈಗೆ ಬಂದ ಆಟದಲ್ಲಿ ನಾಣ್ಯವಿಲ್ಲ, ಎದುರಾಳಿಯಿಲ್ಲ, ಬೆಳಗಾಗುವುದೂ ಇಲ್ಲ.

ಈ ಶೂನ್ಯವನ್ನು ವಾಣಿಜ್ಯದ ಆಟಗಳು ತುಂಬಿದ ಬಗೆಯನ್ನು ಗಮನಿಸಬೇಕು. 2012ರಲ್ಲಿ ಬಂದ ‘ಕ್ಯಾಂಡಿ ಕ್ರಷ್ ಸಾಗಾ’ ಆಟಗಾರನಿಗೆ ಐದು ಜೀವಗಳನ್ನು ಕೊಡುತ್ತದೆ. ಕಳೆದ ಒಂದು ಜೀವ ಮರಳಲು ಅರ್ಧ ಗಂಟೆ ಬೇಕು. ಕಾಯಲಾರದವನು ಹಣ ತೆರಬೇಕು, ಇಲ್ಲವೇ ಗೆಳೆಯರನ್ನು ಬೇಡಬೇಕು. ನೋಡಲು ಇದು ವಿರಾಮದಂತೆಯೇ ಕಾಣುತ್ತದೆ. ನಿಜವಾಗಿ ವಿರಾಮವನ್ನೇ ಮಾರಾಟದ ಸರಕಾಗಿಸಿದ ಉಪಾಯವಿದು. ಬಾಗಿಲೇನೋ ಇದೆ, ಆದರೆ ಹೊಸಿಲಲ್ಲಿ ವ್ಯಾಪಾರಿ ಕುಳಿತಿದ್ದಾನೆ. ಇಂಥ ಆಟಗಳ ನಡುವೆ ‘ಫ್ಲಾಪಿ ಬರ್ಡ್’ ಏನನ್ನೂ ಮಾರಲಿಲ್ಲ. ಸತ್ತ ಹಕ್ಕಿಯನ್ನು ಬದುಕಿಸಲು ಹಣ ಕೇಳಲಿಲ್ಲ, ಸುಲಭದ ದಾರಿಯನ್ನು ವಿಕ್ರಯಕ್ಕಿಡಲಿಲ್ಲ. ಆದಾಯವೆಲ್ಲ ಜಾಹೀರಾತಿನಿಂದ, ಅದು ಉತ್ತುಂಗದಲ್ಲಿ ದಿನಕ್ಕೆ ಸುಮಾರು 50,000 ಡಾಲರ್ ಇತ್ತೆಂದು ನುಯೆನ್ ಅವರೇ ಹೇಳಿದ್ದು ವರದಿಯಾಗಿದೆ. ಅಂದಿಗೆ ಆಟವನ್ನು ಐದು ಕೋಟಿ ಬಾರಿ ಇಳಿಸಿಕೊಳ್ಳಲಾಗಿತ್ತೆಂದೂ ಅದೇ ವರದಿ ಹೇಳಿತು.

ವ್ಯಾಪಾರಿ ಇಲ್ಲದ ಈ ಹೊಸಿಲನ್ನು ನಾನು ಮೊದಲು ಬಹಳ ಮೆಚ್ಚಿದ್ದೆ. ಮತ್ತೆ ಮತ್ತೆ ಯೋಚಿಸಿದಾಗ ಅಲ್ಲಿ ವ್ಯಾಪಾರಿ ಮಾತ್ರವಲ್ಲ, ಬಾಗಿಲೂ ಇಲ್ಲವೆಂದು ತೋರಿತು. ಹಕ್ಕಿ ಬಿದ್ದು ಒಂದೆರಡು ಕ್ಷಣಗಳಲ್ಲಿ ಮತ್ತೆ ಆರಂಭದ ಗುಂಡಿ ಕಣ್ಣೆದುರು ಬರುತ್ತದೆ. ಒಂದು ಸುತ್ತು ಹೆಚ್ಚಿನವರಿಗೆ ಹತ್ತಿಪ್ಪತ್ತು ಸೆಕೆಂಡು ಮೀರುವುದಿಲ್ಲ. ಸೋಲಿನ ಅವಮಾನ ಆರುವ ಮುನ್ನವೇ ಪರಿಹಾರದ ಆಸೆ ಕೈಗೆ ಬರುತ್ತದೆ. ‘ಇನ್ನೊಂದೇ ಸಲ’ ಎನ್ನುವುದಕ್ಕೆ ಇಲ್ಲಿ ಬೆಲೆಯೂ ಇಲ್ಲ, ತಡೆಯೂ ಇಲ್ಲ. ಆಟದ ಪ್ರಾಮಾಣಿಕತೆ ಎಲ್ಲಿದೆಯೋ ಅದರ ದೋಷವೂ ಅಲ್ಲಿಯೇ ಇದೆ: ನಾಣ್ಯದ ಲೋಭವನ್ನು ಹೊರಹಾಕಿದಾಗ ನಾಣ್ಯದ ಕಡಿವಾಣವೂ ಹೊರಟುಹೋಯಿತು. ಜಾಹೀರಾತಿನ ಲೆಕ್ಕವೂ ಇದಕ್ಕೆ ಅನುಕೂಲವೇ; ಆಟಗಾರ ಏಳದಷ್ಟೂ ಆದಾಯ. ರಚನಕಾರರು ಇದನ್ನು ಯೋಜಿಸಿ ಮಾಡಿದರೆಂದು ಹೇಳಲು ಆಧಾರವಿಲ್ಲ. ಯೋಜಿಸದಿದ್ದರೂ ಕೃತಿಯ ರಚನೆಯಲ್ಲಿ ಅದು ಇದೆ; ವಿಮರ್ಶಕನು ನೋಡಬೇಕಾದದ್ದು ರಚನೆಯನ್ನು.

ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಪಣವಿಡುವ ಆಟಗಳನ್ನು ನಿಷೇಧಿಸಿ ಉಳಿದವನ್ನು ಬೇರೆಯಾಗಿರಿಸಿತು. ಕಾನೂನಿಗೆ ಗೆರೆ ಎಳೆಯಲು ಹಣವೇ ಅನುಕೂಲವಾದ ಗುರುತು. ಪಣವೇ ಇಲ್ಲದ ಆಟದಲ್ಲಿಯೂ ಏಳಲಾರದೆ ಕುಳಿತವನೊಬ್ಬ ಇರಬಹುದೆಂಬುದು ಕಾನೂನಿನ ಕಣ್ಣಿಗೆ ಬೀಳಬೇಕಾಗಿಲ್ಲ, ವಿಮರ್ಶೆಯ ಕಣ್ಣಿಗೆ ಬೀಳಬೇಕು.

ಇದನ್ನು ಯಾವ ವಿಮರ್ಶಕನಿಗಿಂತಲೂ ಮೊದಲು ಕಂಡವರು ರಚನಕಾರರೇ ಎಂಬುದು ಈ ಕೃತಿಯ ಚರಿತ್ರೆಯ ವಿಶೇಷ. 2014ರ ಫೆಬ್ರವರಿ 8ರಂದು ನುಯೆನ್ ಇನ್ನು 22 ಗಂಟೆಗಳಲ್ಲಿ ಆಟವನ್ನು ಹಿಂತೆಗೆಯುವುದಾಗಿ ಸಾರಿದರು, ಹಾಗೆಯೇ ಮಾಡಿದರು. ಕಾನೂನಿನ ತೊಡಕು ಕಾರಣವಲ್ಲವೆಂದು ಸ್ಪಷ್ಟಪಡಿಸಿದರು. ಬಿಡುವಿನಲ್ಲಿ ಕೆಲವು ನಿಮಿಷ ಆಡಲೆಂದು ಮಾಡಿದ್ದು ಚಟದ ವಸ್ತುವಾಯಿತು, ಅದೊಂದು ಸಮಸ್ಯೆಯೆನಿಸಿತು ಎಂಬುದು ಅನಂತರ ಪತ್ರಿಕೆಯೊಂದಕ್ಕೆ ಅವರು ಕೊಟ್ಟ ವಿವರಣೆಯ ಸಾರ. ಫೋನು ಒಡೆದುಕೊಂಡ ಶಾಲಾಮಕ್ಕಳ ಸುದ್ದಿ, ಮಕ್ಕಳೊಡನೆ ಮಾತಾಡುವುದನ್ನೇ ಮರೆತ ತಾಯಿಯ ಮಾತು ತಮಗೆ ತಲುಪಿದ್ದನ್ನು ಇನ್ನೊಂದು ಸಂದರ್ಶನದಲ್ಲಿ ಹೇಳಿಕೊಂಡರು. ಆಗ ಅವರಿಗೆ 28 ವರ್ಷ. ದಿನಕ್ಕೆ 50,000 ಡಾಲರನ್ನು ಬಿಟ್ಟುಕೊಟ್ಟವರನ್ನು ಜನ ಒಂದೋ ಹುಚ್ಚರೆಂದರು, ಇಲ್ಲವೇ ಪ್ರಚಾರದ ತಂತ್ರವೆಂದರು. ಆಟವಿದ್ದ ಹಳೆಯ ಫೋನುಗಳನ್ನು ಅಂತರ್ಜಾಲದ ಹರಾಜಿಗಿಟ್ಟು ಭಾರೀ ಬೆಲೆ ಕೇಳಿದವರೂ ಇದ್ದರು. ಈ ಕೊನೆಯ ಸಂಗತಿ ಹಾಸ್ಯಾಸ್ಪದವಾದರೂ ಬೋಧಪ್ರದ.

ಈ ಹಿಂತೆಗೆತವನ್ನು ಕೃತಿಯ ಗುಣವಾಗಿ ಎಣಿಸಬಹುದೇ? ವಿದ್ಯಾರ್ಥಿಗಳಲ್ಲಿ ಕೆಲವರು ಎಣಿಸಬೇಕೆಂದು ವಾದಿಸಿದರು. ನನಗೆ ಹಾಗೆನ್ನಿಸುವುದಿಲ್ಲ. ಕವಿಯ ಸೌಜನ್ಯದಿಂದ ಪದ್ಯದ ಛಂದೋಭಂಗ ಸರಿಹೋಗುವುದಿಲ್ಲ. ಮನುಷ್ಯರಾಗಿ ನುಯೆನ್ ಮಾಡಿದ್ದನ್ನು ಗೌರವಿಸುತ್ತಲೇ, ಆಟದೊಳಗೆ ಒಂದು ಬಾಗಿಲನ್ನು ಕೆತ್ತಬಹುದಾಗಿದ್ದ ಕಡೆ ಅವರು ಇಡೀ ಮನೆಯನ್ನೇ ಇಳಿಸಿಬಿಟ್ಟರೆಂದು ಹೇಳಬೇಕಾಗುತ್ತದೆ. ಹತ್ತು ಬಾರಿ ಬಿದ್ದ ಮೇಲೆ ಹಕ್ಕಿ ಗೂಡಿಗೆ ಹೋಗಿ ಮಲಗಿದ್ದರೆ? ರಾತ್ರಿಯ ಹಿನ್ನೆಲೆ ಆಟದಲ್ಲಿ ಹೇಗೂ ಇತ್ತು. ಹಗಲು-ರಾತ್ರಿಗಳು ಅಲ್ಲಿ ಕೇವಲ ಅಲಂಕಾರವಾಗಿ ಬಂದು ಹೋಗುತ್ತಿದ್ದವು. ಅಲಂಕಾರವನ್ನೇ ಅರ್ಥವಾಗಿಸುವ ಅವಕಾಶವೊಂದು ಹಾಗೆಯೇ ಉಳಿಯಿತು. ಒಟ್ಟಿನಲ್ಲಿ ಅಂಗಗಳ ಔಚಿತ್ಯದಲ್ಲಿ ಉತ್ತಮ, ದಾಳದ ಸತ್ಯದಲ್ಲಿ ಅತ್ಯುತ್ತಮ, ಮುಕ್ತಾಯದಲ್ಲಿ ಅಪೂರ್ಣ ಎಂದು ಈ ಆಟಕ್ಕೆ ನಾನು ಕೊಡುವ ಸ್ಥಾನ. ಮೊದಲ ಎರಡರಲ್ಲಿ ಇದಕ್ಕೆ ಸರಿದೊರೆಯಾದ ಅಂಗೈ ಆಟಗಳು ಹೆಚ್ಚಿಲ್ಲ.

ಆಟದ ಮುಂದಿನ ಚರಿತ್ರೆ ಈ ತೀರ್ಮಾನಕ್ಕೆ ಸ್ವಲ್ಪ ಬೆಳಕು ಚೆಲ್ಲುತ್ತದೆ. 2024ರಲ್ಲಿ ಬೇರೊಂದು ಸಂಸ್ಥೆ ಹೆಸರಿನ ಹಕ್ಕನ್ನು ಪಡೆದು ಆಟವನ್ನು ಮರಳಿ ತರುವುದಾಗಿ ಸಾರಿದಾಗ, ತನಗೂ ಅದಕ್ಕೂ ಸಂಬಂಧವಿಲ್ಲ, ತಾನೇನನ್ನೂ ಮಾರಿಲ್ಲವೆಂದು ನುಯೆನ್ ಪ್ರಕಟಿಸಿದರು. ಅವರ ಮನಸ್ಸಿನಲ್ಲಿದ್ದ ಪರಿಷ್ಕರಣ ಬೇರೆಯದು. ಹಿಂತೆಗೆದ ಕೆಲವು ವಾರಗಳಲ್ಲೇ, ಆಟ ಮರಳಿ ಬಂದರೆ ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿರೆಂಬ ಎಚ್ಚರಿಕೆಯೊಂದಿಗೆ ಬರುತ್ತದೆ ಎಂದಿದ್ದರು. 2014ರ ಆಗಸ್ಟ್‌ನಲ್ಲಿ ಅಮೆಜಾನ್ ಸಂಸ್ಥೆಯ ಫೈರ್ ಟಿವಿಗಾಗಿ ಅವರು ‘ಫ್ಲಾಪಿ ಬರ್ಡ್ಸ್ ಫ್ಯಾಮಿಲಿ’ ಎಂಬ ರೂಪಾಂತರವನ್ನು ಹೊರತಂದರು. ಆಟ ಅಂಗೈಯಿಂದ ನಡುಮನೆಯ ದೂರದರ್ಶನಕ್ಕೆ ಸರಿದಿತ್ತು, ಒಬ್ಬರ ಬದಲು ಇಬ್ಬರು ಆಡಬಹುದಾಗಿತ್ತು. ಜನಪ್ರಿಯತೆಯಲ್ಲಿ ಅದು ಮೂಲದ ಹತ್ತಿರಕ್ಕೂ ಬರಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಬ್ಬರು ಬಂದು ಕುಳಿತಿದ್ದರು. ಒಲೆಯ ಮೇಲಿನ ಅನ್ನದ ನೆನಪಾಗಿ ಅವರು ಎದ್ದು ಹೋಗಬಹುದಾಗಿತ್ತು.